ಓದಿದವರೂ ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತಿಸುವುದೇಕೆ?

ಬೆಂಗಳೂರಿನ ಈ ಚಾಳಿಗೆ ಸಮಾಜಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದ್ದೀರಿ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ ಅವರ ವಾದ: ಅಪರಾಧವೂ ಒಡನಾಟದಿಂದ ಕಲಿಯುವಂಥದ್ದು. ತಪ್ಪು ಮಾಡುವ ಬಗೆಯ ಜೊತೆಗೆ ಅದಕ್ಕೊಂದು ಸಮಜಾಯಿಷಿಯನ್ನೂ ಹತ್ತಿರದವರಿಂದಲೇ ಕಲಿಯುತ್ತೇವೆ. ಅಪ್ಪನ ಸ್ಕೂಟರಿನ ಮುಂದೆ ನಿಂತ ಮಗು ಫುಟ್‌ಪಾತ್ ಹತ್ತುವುದನ್ನು ನೋಡುತ್ತದೆ, ‘ಶಾಲೆಗೆ ತಡವಾಯಿತಲ್ಲ’ ಎಂಬ ನೆಪವನ್ನೂ ಕೇಳಿಸಿಕೊಳ್ಳುತ್ತದೆ. (ನಾನೂ ಹಾಗೆ ನಿಂತಿದ್ದವನೇ.)

ಅಲ್ಲಿಯವರೇ ಆದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಬೇರೆ ಕಾರಣ ಕೊಟ್ಟರು: ಸಮಾಜ ಹಣದ ಆಸೆಯನ್ನು ಎಲ್ಲರಲ್ಲೂ ಹುಟ್ಟಿಸುತ್ತದೆ, ನೇರ ದಾರಿಯನ್ನು ಕೆಲವರಿಗಷ್ಟೇ ತೆರೆಯುತ್ತದೆ; ಉಳಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಸರಗಳ್ಳತನಕ್ಕೆ ಸರಿ, ಸ್ಕೂಟರಿಗೆ ಅಷ್ಟಾಗಿ ಹೊಂದುವುದಿಲ್ಲ.

ಇನ್ನು ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ ಹೇಳಿದ ಹಣೆಪಟ್ಟಿ, ಅಂದರೆ ತಪ್ಪು ಮಾಡಿದವನಿಗೆ ಸಮಾಜ ಅಂಟಿಸುವ ಹೆಸರು: ಒಂದೇ ತಪ್ಪಿಗೆ ಕೊಳೆಗೇರಿಯ ಹುಡುಗ ‘ಕಳ್ಳ’, ಅಪಾರ್ಟ್‌ಮೆಂಟಿನ ಹುಡುಗ ಬರೀ ‘ತುಂಟ’.