ಸೈಬೇಸ್ ಮೇಲೆ ಕೆಲಸ ಸಿಕ್ಕಿದೆ, ಸೇರಬಹುದಾ? ಅದಕ್ಕೆ ಇನ್ನೂ ಗಿರಾಕಿಗಳಿದ್ದಾರಾ?

ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೀರಿ. ಬೆಂಗಳೂರಿನ ಕಂಪನಿಯೊಂದು ಸೈಬೇಸ್ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಕೊಟ್ಟಿದೆ. ಸೀನಿಯರ್‌ಗಳು ಮಾತ್ರ "ಅದು ಸತ್ತುಹೋದ ಸಾಫ್ಟ್‌ವೇರ್, ಹೋಗ್ಬೇಡ" ಅಂತಿದ್ದಾರೆ ಎಂದು ಬರೆದಿದ್ದೀರಿ. ನಾನೂ ಹಾಸನದವನೇ. ನನ್ನ ಮೊದಲ ಕೆಲಸವೇ ಸೈಬೇಸ್ ಮೇಲೆ. ಈಗಲೂ ಅದರಲ್ಲೇ ಇದ್ದೇನೆ, ಹೆಚ್ಚಿನ ದಿನ ಇಲ್ಲಿ ವಿದ್ಯಾನಗರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ನನ್ನನ್ನು ಕೇಳಿದರೆ ಸೇರಿ. ಆದರೆ ಒಳಗೆ ಹೋಗಿ ಏನು ಕಲಿಯಬೇಕು ಎಂಬುದು ಈಗಲೇ ಗೊತ್ತಿರಲಿ.

ಮೊದಲು ಸ್ವಲ್ಪ ಹಿನ್ನೆಲೆ. ಸೈಬೇಸ್ ಕಂಪನಿ ಶುರುವಾದದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ನೀವು ಲ್ಯಾಬಿನಲ್ಲಿ ಬಳಸಿರಬಹುದಾದ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಹುಟ್ಟಿದ್ದೂ ಇದೇ ಕೋಡಿನಿಂದ. 1989ರಲ್ಲಿ ಓಎಸ್/2 ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಬಂದ ಮೊದಲ ಆವೃತ್ತಿ ಎರಡೂ ಕಂಪನಿಗಳ ಜಂಟಿ ಕೆಲಸ. ಕೆಲವೇ ವರ್ಷಗಳಲ್ಲಿ ಇಬ್ಬರೂ ಬೇರೆಯಾದರು. ಸೈಬೇಸ್ ತನ್ನ ಡೇಟಾಬೇಸಿಗೆ ಆಮೇಲೆ ಅಡಾಪ್ಟಿವ್ ಸರ್ವರ್ ಎಂಟರ್‌ಪ್ರೈಸ್ ಎಂದು ಹೆಸರಿಟ್ಟಿತು, ಕೆಲಸದ ಜಾಗದಲ್ಲಿ ಎಲ್ಲರೂ ಎಎಸ್ಇ ಅಂತಾರೆ. 2010ರಲ್ಲಿ ಕಂಪನಿಗಳ ವ್ಯವಹಾರ ನಡೆಸುವ ಸಾಫ್ಟ್‌ವೇರ್ ಮಾಡುವ ಜರ್ಮನಿಯ ಎಸ್ಎಪಿ ಸುಮಾರು 580 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿಯನ್ನೇ ಕೊಂಡುಕೊಂಡಿತು.

ಇನ್ನು ಗಿರಾಕಿಗಳ ವಿಷಯ. ಇವರಲ್ಲಿ ಎರಡು ಗುಂಪು. ಇಬ್ಬರನ್ನೂ ಒಟ್ಟಿಗೆ ಸೇರಿಸಿ ನೋಡುವುದರಿಂದಲೇ "ಸತ್ತಿದೆ", "ಸತ್ತಿಲ್ಲ" ಎಂಬ ಜಗಳ.

ಒಂದು, ಎಸ್ಎಪಿ ಸಾಫ್ಟ್‌ವೇರ್ ಓಡಿಸಲು ಎಎಸ್ಇ ತೆಗೆದುಕೊಂಡವರು. 2012ರಿಂದ ಎಸ್ಎಪಿಯ ಬಿಸಿನೆಸ್ ಸೂಟ್ ಇದರ ಮೇಲೆ ಓಡತೊಡಗಿತು. ಆದರೆ ಅದರ ಜಾಗಕ್ಕೆ 2015ರಲ್ಲಿ ಬಂದ ಎಸ್/4ಹಾನಾ ಓಡುವುದು ಎಸ್ಎಪಿಯದೇ ಇನ್ನೊಂದು ಡೇಟಾಬೇಸ್ ಹಾನಾ ಮೇಲೆ ಮಾತ್ರ. ಹಳೇ ಬಿಸಿನೆಸ್ ಸೂಟಿನ ಮುಖ್ಯ ಭಾಗವಾದ ಇಸಿಸಿಗೆ ಮಾಮೂಲಿ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ 2030ರವರೆಗೆ. ಅಂದರೆ ಈ ಗುಂಪು ಹೋಗುವುದು ಖಚಿತ, ಹೋಗುವ ದಾರಿಯನ್ನು ಕಂಪನಿಯೇ ತೋರಿಸಿದೆ.

ಎರಡನೆಯವರು ಹಳೇ ಗಿರಾಕಿಗಳು: ಬ್ಯಾಂಕು, ಷೇರು ವಹಿವಾಟಿನ ಸಂಸ್ಥೆಗಳು. ಎಂಬತ್ತರ ದಶಕದ ಕೊನೆಯಲ್ಲಿ ವಾಲ್ ಸ್ಟ್ರೀಟಿನಲ್ಲಿ ಯುನಿಕ್ಸ್ ಯಂತ್ರಗಳು ಬಂದಾಗ ಸೈಬೇಸ್ ಅವುಗಳ ಜೊತೆಯಲ್ಲೇ ಒಳಗೆ ಹೋಯಿತು. ಅದಕ್ಕೆ ದೊಡ್ಡ ಕಾರಣ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸಿನಲ್ಲೇ ಉಳಿಸಿಟ್ಟ ಪ್ರೋಗ್ರಾಂ. ವ್ಯವಹಾರದ ನಿಯಮಗಳನ್ನು ಡೇಟಾಬೇಸ್ ಒಳಗೇ ಬರೆದಿಡಬಹುದಿತ್ತು. ಬಡ್ಡಿ ಲೆಕ್ಕ, ಮಿತಿ ಮೀರಿದರೆ ತಡೆ, ರಾತ್ರಿ ಲೆಕ್ಕ ಮುಗಿಸುವ ಬ್ಯಾಚ್, ಎಲ್ಲಾ ಅಲ್ಲೇ. ಈ ಗುಂಪಿಗೆ ಹೊಸಬರು ಸೇರುತ್ತಿರುವುದನ್ನು ನಾನಂತೂ ಕಂಡಿಲ್ಲ. ಇದ್ದವರು ಮಾತ್ರ ಬೇಗ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ? ಡೇಟಾ ಸಾಗಿಸುವುದು ಅಷ್ಟು ಕಷ್ಟವಲ್ಲ. ಬಿಸಿಪಿ ಎಂಬ ನಕಲು ತೆಗೆಯುವ ಉಪಕರಣ ಹಾಕಿ ಟೇಬಲ್‌ಗಳನ್ನು ಫೈಲಿಗೆ ಇಳಿಸಬಹುದು. ಕೋಡ್ ಬದಲಿಸಿಕೊಡುವ ಉಪಕರಣಗಳು ಮೈಕ್ರೋಸಾಫ್ಟ್‌ನಲ್ಲೂ ಇವೆ, ಅಮೆಜಾನ್‌ನಲ್ಲೂ ಇವೆ. ಕಷ್ಟ ಇರುವುದು ಯಾರೂ ಎಲ್ಲೂ ಬರೆದಿಡದ ನಡವಳಿಕೆಗಳಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಎಎಸ್ಇಯಲ್ಲಿ ಖಾಲಿ ಸ್ಟ್ರಿಂಗ್ ಎಂಬುದೇ ಇಲ್ಲ. ಎರಡು ಉದ್ಧರಣ ಚಿಹ್ನೆ ಹಾಕಿ ನಡುವೆ ಏನೂ ಬರೆಯದಿದ್ದರೆ ಅದು ಒಂದು ಸ್ಪೇಸ್ ಆಗಿ ಕೂರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಖಾಲಿ ಎಂದರೆ ಖಾಲಿಯೇ. ಒರಾಕಲ್ ಡೇಟಾಬೇಸಿನಲ್ಲಿ ಅದು ನಲ್, ಅಂದರೆ ಬೆಲೆಯೇ ಇಲ್ಲ ಎಂದು ಆಗಿಬಿಡುತ್ತದೆ. ಈಗ ಯೋಚಿಸಿ. ಗ್ರಾಹಕರ ಟೇಬಲ್‌ನಲ್ಲಿ ತಂದೆಯ ಹೆಸರು ಕೊಡದವರಿಗೆಲ್ಲ ವರ್ಷಗಟ್ಟಲೆ ಆ ಒಂದು ಸ್ಪೇಸ್ ಇದೆ. ಮುದ್ರಣದ ಪ್ರೊಸೀಜರ್ ಅದನ್ನು ನಂಬಿಕೊಂಡೇ ಹೆಸರುಗಳನ್ನು ಜೋಡಿಸುತ್ತದೆ. ಒರಾಕಲ್‌ಗೆ ಹೋದ ಮೇಲೆ ಅದೇ ಕಾಲಂ ನಲ್ ಅನ್ನು ಸ್ವೀಕರಿಸದಿದ್ದರೆ ಹೊಸ ಖಾತೆ ತೆರೆಯುವುದೇ ನಿಂತುಹೋಗುತ್ತದೆ.

ಅಕ್ಷರಗಳದ್ದೂ ಹೀಗೆಯೇ. ಎಎಸ್ಇ ಮಾಮೂಲಾಗಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದು ನೋಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಮಾಮೂಲಾಗಿ ಎರಡನ್ನೂ ಒಂದೇ ಎನ್ನುತ್ತದೆ. ಹಾಗಾಗಿ ಅಲ್ಲಿಗೆ ಸಾಗಿಸಿದಾಗ ಯುನೀಕ್ ಇಂಡೆಕ್ಸ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ಕಟ್ಟುಪಾಡು) ಇರುವ ಕಡೆ ಇಷ್ಟು ವರ್ಷ ಬೇರೆಯಾಗಿದ್ದ ಎರಡು ಸಾಲುಗಳು ಡಿಕ್ಕಿ ಹೊಡೆಯುತ್ತವೆ. ಇಂಥವು ನೂರಾರು. ಒಂದೊಂದನ್ನೂ ಹುಡುಕಿ, ಆ ನಿಯಮ ಯಾಕಿತ್ತು ಎಂದು ಅರ್ಥ ಮಾಡಿಕೊಂಡು, ಹೊಸ ಕಡೆ ಸರಿಯಾಗಿ ಕೂರಿಸಬೇಕು. ಬರೆದವರು ಬಹಳಷ್ಟು ಜನ ನಿವೃತ್ತರಾಗಿದ್ದಾರೆ. ಜನರ ದುಡ್ಡಿನ ಲೆಕ್ಕ ಅದು, ಅಂದಾಜಿಗೆ ಮಾಡುವಂತಿಲ್ಲ. ನನಗೆ ಈ ಕೆಲಸದ ಮೇಲೆ ಗೌರವ ಬಂದದ್ದು ಇಲ್ಲೇ.

ಗಿರಾಕಿ ಹೀಗೆ ಕಟ್ಟಿಬಿದ್ದಿರುವವರೆಗೆ ಮಾರುವವನಿಗೆ ವರ್ಷ ವರ್ಷ ಮೇಂಟೆನೆನ್ಸ್ ದುಡ್ಡು ಬರುತ್ತಲೇ ಇರುತ್ತದೆ. ಆದ್ದರಿಂದ ಎಎಸ್ಇ ಬೆಳಗಾಗುವುದರೊಳಗೆ ಮಾಯವಾಗುವುದಿಲ್ಲ. ಆದರೆ ಎಸ್ಎಪಿಯ ಮನಸ್ಸೆಲ್ಲಾ ಹಾನಾ ಮೇಲೆ. ಎಎಸ್ಇ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಮಾರುವವನು ಕೈಬಿಟ್ಟರೂ ಬಳಸುವವರು ಬಿಡದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಸಕಲೇಶಪುರದ ಕಡೆ ನನಗೆ ಪರಿಚಯದ ಒಂದು ಕಾಫಿ ಎಸ್ಟೇಟ್ ಆಫೀಸಿನಲ್ಲಿ ಆಳುಗಳ ಚೆಕ್‌ರೋಲ್ (ಹಾಜರಿ, ಕೂಲಿ ಪಟ್ಟಿ) ಇವತ್ತಿಗೂ ಮೈಕ್ರೋಸಾಫ್ಟ್‌ನ ಹಳೇ ಡೇಟಾಬೇಸ್ ಫಾಕ್ಸ್‌ಪ್ರೊದಲ್ಲಿದೆ. ಹೊಸ ಆವೃತ್ತಿ ತರುವುದಿಲ್ಲ ಎಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತ್ತು. 2015ರ ಜನವರಿಗೆ ಬೆಂಬಲವೂ ಮುಗಿಯಿತು. ಎಸ್ಟೇಟಿನ ರೈಟರ್ (ಗುಮಾಸ್ತರು) ಮಾತ್ರ ಪ್ರತಿ ವಾರ ಬಟವಾಡೆಗೆ ಮುಂಚೆ ಅದರಲ್ಲೇ ಹಾಜರಿ ಹಾಕಿ, ಮುಂಗಡ ಕಳೆದು, ಪಟ್ಟಿ ತೆಗೆಯುತ್ತಾರೆ. ಎಸ್ಟೇಟಿಗೆ ಅದು ನಡೆಯುತ್ತದೆ, ಏಕೆಂದರೆ ಕೇಳುವವರು ಯಾರೂ ಇಲ್ಲ. ಬ್ಯಾಂಕಿಗೆ ಆಡಿಟ್ ಇದೆ. ಬೆಂಬಲವಿಲ್ಲದ ಡೇಟಾಬೇಸ್ ಇಟ್ಟುಕೊಂಡರೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಅವರು ಕೊನೆಗೆ ಹೊರಡಲೇಬೇಕು, ನಿಮಗೆ ಕೆಲಸ ಇರುವುದೂ ಅಲ್ಲೇ.

ಸೇರುವ ಮುಂಚೆ ಎರಡು ವಿಷಯ ಕೇಳಿ. ಅವರ ಗಿರಾಕಿ ಯಾವ ಗುಂಪಿನವರು? ಬೇರೆ ಡೇಟಾಬೇಸಿಗೆ ಸಾಗಿಸುವ ಯೋಜನೆ ಇದೆಯಾ, ಇದ್ದರೆ ಹೊಸಬರನ್ನು ಅದರಲ್ಲಿ ಸೇರಿಸಿಕೊಳ್ಳುತ್ತಾರಾ? ಸುಮ್ನೆ ಬ್ಯಾಕಪ್ ನೋಡುವುದು, ರಾತ್ರಿ ಪಾಳಿಯಲ್ಲಿ ಅಲರ್ಟ್‌ಗೆ ಉತ್ತರಿಸುವುದು ಮಾತ್ರ ಎಂದರೆ ಒಂದೆರಡು ವರ್ಷಕ್ಕಿಂತ ಜಾಸ್ತಿ ಇರಬೇಡಿ. ಪ್ರೊಸೀಜರ್ ಓದಲು ಬಿಡುತ್ತಾರೆ ಎಂದರೆ ಕಣ್ಣುಮುಚ್ಚಿ ಸೇರಿ.

ಈಗ ಕೈಯಲ್ಲಿರುವ ತಿಂಗಳುಗಳಲ್ಲಿ ಲ್ಯಾಪ್‌ಟಾಪಿಗೆ ಪೋಸ್ಟ್‌ಗ್ರೆಸ್ ಹಾಕಿಕೊಳ್ಳಿ, ಅದು ಉಚಿತ. ಪಕ್ಕದಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಡೆವಲಪರ್ ಆವೃತ್ತಿ ಇರಲಿ. ಪ್ರೊಸೀಜರ್ ಬರೆಯುವ ಅದರ ಭಾಷೆ ಟಿ-ಎಸ್‌ಕ್ಯೂಎಲ್ ಸೈಬೇಸ್‌ನದಕ್ಕೆ ತೀರಾ ಹತ್ತಿರ. ಬಡ್ಡಿ ಲೆಕ್ಕದ ಒಂದು ಪ್ರೊಸೀಜರ್ ಬರೆದು, ಅದನ್ನೇ ಪೋಸ್ಟ್‌ಗ್ರೆಸ್‌ಗೆ ತನ್ನಿ. ಎರಡರ ಉತ್ತರವೂ ಪೈಸೆ ಪೈಸೆಗೆ ಹೊಂದುವವರೆಗೆ ಬಿಡಬೇಡಿ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.