ಓರ್ವಿಯೆಟೊಗೆ ಒಂದು ದಿನ ಸಾಕಾ?

ಪ್ರಶ್ನೆ: ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ರೋಮ್ ನೋಡಿದ ಮೇಲೆ ಇಟಲಿಯ ಒಂದು ಹಳೇ ಬೆಟ್ಟದೂರು ತೋರಿಸುವ ಆಸೆ. ಬೆಳಿಗ್ಗೆ ಓರ್ವಿಯೆಟೊಗೆ ಹೋಗಿ ಸಂಜೆ ವಾಪಸ್ ಬಂದರೆ ಸಾಕಾ? ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿಂದ ಚಿವಿತಾ ದಿ ಬಾನ್ಯೊರೆಜೊಗೂ ಹೋಗಬಹುದಾ?
— ಓದುಗರು, ಮ್ಯೂನಿಕ್

ಉತ್ತರ: ಸಾಕಾಗಲ್ಲ. ದಯವಿಟ್ಟು ಒಂದು ರಾತ್ರಿ ಉಳಿಯಿರಿ. ಕಾರಣ ಅಲ್ಲಿನ ದೊಡ್ಡ ಚರ್ಚು, ಅಂದರೆ ದುವೊಮೊ. ಅದರ ಮುಖ ಪಶ್ಚಿಮಕ್ಕಿದೆ. ಇಳಿಬಿಸಿಲು ಅದರ ಮೊಸಾಯಿಕ್ ಚಿತ್ರಗಳ ಚಿನ್ನದ ಚೂರುಗಳ ಮೇಲೆ ಬೀಳುವ ಹೊತ್ತಿಗೆ, ಬೆಳಿಗ್ಗೆ ಬಂದವರೆಲ್ಲ ರೋಮ್ ರೈಲು ಹಿಡಿಯಲು ಓಡುತ್ತಿರುತ್ತಾರೆ. ನಾನೂ ಮೊದಲ ಸಲ ಹಾಗೇ ಓಡಿದವಳು. ಎರಡನೇ ಸಲ ಉಳಿದುಕೊಂಡೆ. ಚರ್ಚಿನ ಎದುರಿನ ಕಲ್ಲುಬೆಂಚಿನ ಮೇಲೆ ಕೂತು, ಆ ಗೋಡೆ ನಿಧಾನಕ್ಕೆ ಹೊಳೆಯುತ್ತಾ ಆಮೇಲೆ ಆರಿಹೋಗುವುದನ್ನು ನೋಡಿದೆ. ನಿಮ್ಮ ಅಪ್ಪ ಅಮ್ಮನಿಗೆ ಅದು ತಪ್ಪಬಾರದು.

ಮಂಡಿನೋವಿನ ವಿಚಾರಕ್ಕೆ ಬಂದರೆ, ಓರ್ವಿಯೆಟೊ ಒಳ್ಳೇ ಆಯ್ಕೆ. ರೋಮ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಸ್ಟೇಷನ್ ಬೆಟ್ಟದ ಬುಡದಲ್ಲಿದೆ, ಊರು ಮೇಲೆ ಕಡಿದಾದ ಬಂಡೆಯ ನೆತ್ತಿಯಲ್ಲಿ. ಆದರೆ ಹತ್ತಬೇಕಾಗಿಲ್ಲ. ಸ್ಟೇಷನ್ ಎದುರಿಗೇ ಫ್ಯುನಿಕುಲರ್ ಇದೆ, ಹಗ್ಗ ಎಳೆಯುವ ಪುಟ್ಟ ರೈಲು. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದಲ್ಲೇ ಓಡುತ್ತಿತ್ತು. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿಸಿದರೆ ಅದು ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆಳೆಯುತ್ತಿತ್ತು. ಈಗ ಕರೆಂಟಿನದು. ಮೇಲೆ ಇಳಿದ ಕಡೆಯಿಂದ ದುವೊಮೊಗೆ ಸಣ್ಣ ಬಸ್ಸು ಸಿಗುತ್ತದೆ.

ದುವೊಮೊ ಕಟ್ಟಲು ಶುರು ಮಾಡಿದ್ದು 1290ರಲ್ಲಿ. ಮುಂಭಾಗದ ಕೆಲಸವನ್ನು 1310ರಿಂದ ಲೊರೆಂಜೊ ಮೈತಾನಿ ನೋಡಿಕೊಂಡ. ಎಲ್ಲರೂ ಕತ್ತೆತ್ತಿ ಮೇಲಿನ ಚಿನ್ನವನ್ನೇ ನೋಡುತ್ತಾರೆ. ನೀವು ಮೊದಲು ಕೆಳಗೆ ನೋಡಿ. ಬಾಗಿಲುಗಳ ಅಕ್ಕಪಕ್ಕ ನಾಲ್ಕು ಅಗಲವಾದ ಕಂಬಗಳಿವೆ, ತುಂಬಾ ಕೆತ್ತನೆ. ಎಡತುದಿಯಲ್ಲಿ ಸೃಷ್ಟಿಯ ಕಥೆ, ಬಲತುದಿಯಲ್ಲಿ ಕೊನೆಯ ತೀರ್ಪಿನ ದಿನ. ಎಡಗಡೆಯದರಲ್ಲಿ ಆದಾಮ ಮಲಗಿ ನಿದ್ದೆ ಮಾಡುತ್ತಿದ್ದಾನೆ, ದೇವರು ಬಗ್ಗಿ ಅವನ ಪಕ್ಕೆಗೆ ಕೈಹಾಕಿ ಎಲುಬು ತೆಗೆಯುತ್ತಿದ್ದಾನೆ. ಎಷ್ಟು ಮೆಲ್ಲಗೆ ಅಂದರೆ, ಮಗು ಎದ್ದುಬಿಟ್ಟೀತು ಅಂತ ಕೈ ಬಿಡಿಸಿಕೊಳ್ಳುವ ತಾಯಿಯ ಹಾಗೆ. ಬೇಲೂರು ಹಳೇಬೀಡು ನೋಡಿ ಬೆಳೆದವರು ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಲ್ಲುತ್ತಾರೆ, ನೋಡ್ತಿರಿ.

ಒಳಗೆ ಬಲಭಾಗದ ಸಾನ್ ಬ್ರಿಜಿಯೊ ಪ್ರಾರ್ಥನಾ ಕೋಣೆಗೆ ಅರ್ಧ ಗಂಟೆಯಾದರೂ ಇಡಿ. ಚಿತ್ರ ಶುರು ಮಾಡಿದ್ದು 1447ರಲ್ಲಿ ಫ್ರಾ ಆಂಜೆಲಿಕೊ. ಅರ್ಧಕ್ಕೇ ನಿಂತ ಕೆಲಸವನ್ನು ಐವತ್ತು ವರ್ಷದ ಮೇಲೆ ಲೂಕಾ ಸಿನ್ಯೊರೆಲ್ಲಿ ಮುಗಿಸಿದ. ಸತ್ತವರು ನೆಲದಿಂದ ಎದ್ದುಬರುವ ಗೋಡೆಯಲ್ಲಿ ಒಬ್ಬ ಎರಡೂ ಕೈ ಊರಿ ಸೊಂಟದವರೆಗೆ ಮೇಲೆ ಬಂದಿದ್ದಾನೆ, ಪಕ್ಕದಲ್ಲಿ ಇನ್ನೂ ಮಾಂಸ ತುಂಬದ ಅಸ್ಥಿಪಂಜರಗಳು ನಿಂತಿವೆ. ಇನ್ನೊಂದು ಗೋಡೆಯ ಎಡಮೂಲೆಯಲ್ಲಿ ಕಪ್ಪು ಬಟ್ಟೆ ತೊಟ್ಟ ಇಬ್ಬರು ನಿಂತಿದ್ದಾರೆ. ಅದು ಸಿನ್ಯೊರೆಲ್ಲಿ, ಪಕ್ಕದಲ್ಲಿ ಫ್ರಾ ಆಂಜೆಲಿಕೊ. ತನಗಿಂತ ಮುಂಚೆ ಕೆಲಸ ಮಾಡಿದವನನ್ನು ಜೊತೆಗೆ ನಿಲ್ಲಿಸಿಕೊಂಡಿದ್ದಾನಲ್ಲ, ನನಗೆ ಅದು ಬಹಳ ಇಷ್ಟ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಸಾನ್ ಪತ್ರಿಜಿಯೊ ಬಾವಿಗೆ ಅಮ್ಮ ಇಳಿಯುವುದು ಬೇಡ. ಅಪ್ಪನನ್ನು ಕರೆದುಕೊಂಡು ನೀವು ಇಳಿಯಿರಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಓಡಿಬಂದು ಸೇರಿದ್ದು ಈ ಊರನ್ನೇ. ಶತ್ರುಗಳು ಬೆಟ್ಟ ಮುತ್ತಿದರೆ ಕುಡಿಯುವ ನೀರಿಗೇನು ಗತಿ ಅನ್ನುವ ಭಯಕ್ಕೆ ಬಾವಿ ತೋಡಿಸಿದ. ಆಳ ಸುಮಾರು 53 ಮೀಟರ್. ಸುತ್ತ ಒಂದರ ಮೇಲೊಂದು ಸುತ್ತಿಕೊಂಡ ಎರಡು ದಾರಿಗಳು, ಎಲ್ಲೂ ಒಂದಕ್ಕೊಂದು ಕೂಡುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು, ತಳದ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತುತ್ತಿದ್ದವು. ಎದುರುಬದುರಾಗುವ ಪ್ರಶ್ನೆಯೇ ಇಲ್ಲ. ಮೆಟ್ಟಿಲು ತಗ್ಗು, ಆದರೆ ಇಳಿಯಲು 248, ಹತ್ತಲು 248. ಬಾವಿಯ ಪಕ್ಕದಲ್ಲೇ ಹಳೇ ಕೋಟೆಯ ತೋಟವಿದೆ. ಅಮ್ಮ ಅಲ್ಲಿ ನೆರಳಲ್ಲಿ ಕೂತು ಕೆಳಗಿನ ಪಾಲ್ಯಾ ಕಣಿವೆ ನೋಡುತ್ತಿರಲಿ.

ಊಟದ ಚಿಂತೆ ಬೇಡ. ಉಂಬ್ರಿಕೆಲ್ಲಿ ಅನ್ನುವ ದಪ್ಪ ಶಾವಿಗೆಯಂಥ ಪಾಸ್ತಾವನ್ನು ಬರೀ ಹಿಟ್ಟು ನೀರಲ್ಲಿ ಮಾಡುವುದು ವಾಡಿಕೆ, ಮೊಟ್ಟೆ ಇರುವುದಿಲ್ಲ. ಆದರೂ ಒಂದು ಮಾತು ಕೇಳಿಕೊಳ್ಳಿ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ ಅರಾಬ್ಯಾತಾ ಸಾಸ್ ಅವರಿಗೆ ಹಿಡಿಸುತ್ತದೆ. ‘ಸೆಂತ್ಸಾ ಕಾರ್ನೆ’ ಅಂದರೆ ಮಾಂಸ ಬೇಡ ಅಂತ. ಬೇಕರಿಯಲ್ಲಿ ಶಂಖದ ಹುಳುವಿನ ಹಾಗೆ ಸುತ್ತಿದ ಬ್ರೆಡ್ಡು, ಲುಮಾಕೆಲ್ಲಾ, ತಗೋಬೇಡಿ. ಅದರಲ್ಲಿ ಹಂದಿಮಾಂಸದ ಚೂರಿರುತ್ತದೆ. ಮಾಮೂಲಿ ಬ್ರೆಡ್ಡಿಗೆ ಆ ಕಡೆ ಉಪ್ಪು ಹಾಕುವುದಿಲ್ಲ, ಹಾಸನದ ಉಪ್ಪಿನಕಾಯಿ ಜೊತೆಗಿರಲಿ.

ಚಿವಿತಾ ಚೆಂದದ ಊರು, ಆದರೆ ಈ ಸಲ ಬಿಡಿ. ಉದ್ದನೆಯ ಕಾಲುಸೇತುವೆ ನಡೆದೇ ದಾಟಬೇಕು, ಕೊನೆಯಲ್ಲಿ ಏರು ಜಾಸ್ತಿ. ಆ ಹೊತ್ತನ್ನು ದುವೊಮೊ ಮುಂದಿನ ಕಲ್ಲುಬೆಂಚಿಗೆ ಕೊಡಿ.