ಕೂದಲು ಕಸಿ ಆದ ಮೂರನೇ ದಿನಕ್ಕೇ ಕಾಫಿ ಕೊಯ್ಲಿಗೆ ನಿಲ್ಲಬಹುದಾ?

ಮೈಸೂರಿನಲ್ಲಿ 2,500 ಗ್ರಾಫ್ಟ್ (ಬೇರುಸಮೇತ ತೆಗೆದು ನೆಡುವ ಕೂದಲಿನ ಸಣ್ಣ ಗುಚ್ಛ) ಹಾಕಿಸಿಕೊಂಡು ಮೂರನೇ ದಿನ ಬೈಕಿನಲ್ಲಿ ಸೋಮವಾರಪೇಟೆಗೆ ವಾಪಸ್ಸಾಗಿ ಕೊಯ್ಲು ನೋಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲ ಹತ್ತು ದಿನ ಬೇರು ಗಟ್ಟಿಯಾಗಿ ಕೂತಿರುವುದಿಲ್ಲ. ಹೆಲ್ಮೆಟ್ ಉಜ್ಜಿದರೆ ಗ್ರಾಫ್ಟ್ ಕಿತ್ತು ಬರುತ್ತದೆ, ರಕ್ತವೂ ಬರುತ್ತದೆ. ಕಾರಿನಲ್ಲಿ ಬನ್ನಿ. ಮೂಟೆ ಎತ್ತುವುದು, ಬೆವರುವ ಕೆಲಸ ಎರಡು ವಾರ ಬೇಡ. ಕೊಯ್ಲು ಮುಗಿದ ಮೇಲೆ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಕಸಿ ಮಾಡುವ ದಿನ ಆರರಿಂದ ಎಂಟು ಗಂಟೆ ಬೇಕು. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗಲೇ ಹೆಚ್ಚು ನೋವು. ಹಿಂದಲೆಯಿಂದ ಸುಮಾರು ಒಂದು ಮಿಲಿಮೀಟರಿನ ಪಂಚ್ ಎಂಬ ಕೊಳವೆಯಂಥ ಉಪಕರಣದಿಂದ ಬೇರುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಆ ದಾಸ್ತಾನು ಸೀಮಿತ. ಪಂಚ್ ಹಿಡಿಯುವವರು ಡಾಕ್ಟರೋ ಟೆಕ್ನಿಷಿಯನ್ನೋ ಎಂದು ಮೊದಲೇ ಕೇಳಿ.

ಮೂರ್ನಾಲ್ಕನೇ ದಿನ ಹಣೆ ಊದಿ, ಊತ ಕಣ್ಣಿಗೂ ಇಳಿಯಬಹುದು. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ. ಹಕ್ಕಳೆ ಕೀಳಬೇಡಿ, ಸುಮಾರು ಹತ್ತು ದಿನಕ್ಕೆ ತಾನೇ ಉದುರುತ್ತದೆ. ಕೀವು, ಜ್ವರ ಅಥವಾ ಚರ್ಮ ಕಪ್ಪಾದರೆ ಅಂದೇ ಡಾಕ್ಟರಿಗೆ ತೋರಿಸಿ.

ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲೇ ಉದುರುತ್ತದೆ. ಇಲ್ಲೇ ಬಹಳ ಜನ ಎದೆಗುಂದುತ್ತಾರೆ! ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಚಿಗುರುತ್ತದೆ. ಪೂರ್ತಿ ಫಲ ಕಾಣಲು ಒಂದು ವರ್ಷ. ನಿಮ್ಮ ಹಳೆಯ ಕೂದಲು ಮಾತ್ರ ಉದುರುತ್ತಲೇ ಇರಬಹುದು, ಅದಕ್ಕೆ ಮಿನಾಕ್ಸಿಡಿಲ್ ಅಥವಾ ಫಿನಾಸ್ಟರೈಡ್ ಎಂಬ ಔಷಧಿ ಬೇಕೇ ಎಂದು ಡಾಕ್ಟರನ್ನು ಈಗಲೇ ವಿಚಾರಿಸಿ.